ನಲವತ್ತೆಂಟು ಪೂರ್ಣ ವರ್ಗವಲ್ಲ

ರಂಜನಾ ಕುಸಿದದ್ದು ತರಗತಿಯಲ್ಲೇ. ಶಾಲೆ ಶುರುವಾಗಿ ಸ್ವಲ್ಪ ದಿನವಾಗಿತ್ತಷ್ಟೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಸಮೀಕರಣವೊಂದನ್ನು ಬಿಡಿಸಿ ತೋರಿಸುತ್ತಿದ್ದಾಗ ಸೀಮೆಸುಣ್ಣ ಬೆರಳಿನಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವಳು ಹಾಗೇ ಬಲಕ್ಕೆ ವಾಲಿ ನೆಲ ಹಿಡಿದಳು. ಟೀಚರ್ ಏನೋ ತಮಾಷೆ ಮಾಡುತ್ತಿದ್ದಾರೆಂದು ಮುಂದಿನ ಬೆಂಚಿನವರು ಮೊದಲು ನಕ್ಕರು. ಅವಳ ಬಾಯಿ ಒಂದು ಕಡೆಗೆ ಎಳೆದುಕೊಂಡಿದ್ದನ್ನು ಕಂಡ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಓಡಿದಳು.

ನರಸಿಂಹರಾಜಪುರದಿಂದ ಸ್ವಲ್ಪ ಆಚೆಗಿರುವ ಆ ಸರ್ಕಾರಿ ಪ್ರೌಢಶಾಲೆಯಲ್ಲಿ ಅವಳು ಬಹಳ ವರ್ಷಗಳಿಂದ ಗಣಿತ ಕಲಿಸುತ್ತಿದ್ದಳು. ಮನೆ ಕೊಪ್ಪದಲ್ಲಿ, ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬಂದು ಸಂಜೆ ಅದೇ ದಾರಿಯಲ್ಲಿ ವಾಪಸು. ಗಂಡ ರವಿಶಂಕರ ಕೊಪ್ಪದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಮಕ್ಕಳಾಗಲಿಲ್ಲ. ಆ ವಿಷಯವನ್ನು ಇಬ್ಬರೂ ಯಾವಾಗಲೋ ಮಾತಾಡಿ ಮುಗಿಸಿದ್ದರು. ಅವಳಿಗೆ ಶಾಲೆಯಿತ್ತು, ಅವನಿಗೆ ಅಂಗಡಿಯಿತ್ತು, ರಾತ್ರಿ ಊಟಕ್ಕೆ ಕೂತಾಗ ಅವಳು ಅಂದಿನ ತರಗತಿಯ ಕತೆ ಹೇಳುತ್ತಿದ್ದಳು. ಅವನು ಕೇಳುತ್ತಿದ್ದ. ಅವರ ಬಾಳು ಹಾಗೆ ನಡೆದಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಾತು ಬೇಗ ಮರಳಿತು. ಕಾಲಿಗೆ ಶಕ್ತಿ ಬಂತು. ಬಲಗೈ ಮಾತ್ರ ನಿಧಾನ ಮಾಡಿತು. ವಾರ್ಡಿನ ಗೋಡೆಯ ಗಡಿಯಾರ ನೋಡಿ ಗಂಟೆ ಎಷ್ಟೆಂದು ಹೇಳಿ ಎಂದು ಡಾಕ್ಟರು ಕೇಳಿದಾಗ ರಂಜನಾ ಬಹಳ ಹೊತ್ತು ಅದನ್ನೇ ದಿಟ್ಟಿಸಿದಳು. ಮುಳ್ಳುಗಳು ಕಾಣುತ್ತಿದ್ದವು. ಸುತ್ತ ಬರೆದ ಅಂಕಿಗಳನ್ನೂ ಓದಬಲ್ಲಳು. ಆದರೆ ಅವೆಲ್ಲ ಸೇರಿ ಏನು ಹೇಳುತ್ತಿವೆಯೆಂದು ತಿಳಿಯಲಿಲ್ಲ. ಏಳು ದೊಡ್ಡದೋ ನಾಲ್ಕು ದೊಡ್ಡದೋ ಎಂದು ಅವರು ಮತ್ತೆ ಕೇಳಿದರು. ಏಳು ಎನ್ನುವುದೂ ನಾಲ್ಕು ಎನ್ನುವುದೂ ಅವಳಿಗೆ ಬರೀ ಎರಡು ಹೆಸರುಗಳಾಗಿದ್ದವು. ಎರಡು ಊರಿನ ಹೆಸರು ಹೇಳಿ ಯಾವುದು ಸಿಹಿ ಎಂದು ಕೇಳಿದ ಹಾಗಿತ್ತು. ಅವಳು ರವಿಶಂಕರನ ಮುಖ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿಕೊಂಡ.

ಮೆದುಳಿನಲ್ಲಿ ಎಣಿಕೆಯನ್ನು ಗ್ರಹಿಸುವ ಜಾಗಕ್ಕೆ ಪೆಟ್ಟಾಗಿದೆ, ಸ್ವಲ್ಪ ಮರಳಬಹುದು, ಪೂರ್ತಿ ಮರಳುತ್ತದೆಂದು ಹೇಳಲಾರೆ ಎಂದು ಡಾಕ್ಟರು ಅವನನ್ನು ಹೊರಗೆ ಕರೆದು ತಿಳಿಸಿದರು.

ಮನೆಗೆ ಬಂದ ಮೇಲೆ ನೋಡಿಕೊಳ್ಳಲು ಜನ ಬೇಕಾಯಿತು. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಿಂದ ಮಲ್ಲಿಕಾ ಬರತೊಡಗಿದಳು. ಅವಳ ತಾಯಿ ತೋಟದ ಕೂಲಿಗೆ ಹೋಗುವವಳು. ಮಲ್ಲಿಕಾ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಕೆಲವು ವರ್ಷ ತಾಯಿಯ ಜೊತೆ ತೋಟಕ್ಕೆ ಹೋಗಿ, ಆಮೇಲೆ ಕೊಪ್ಪದ ಮನೆಗಳಲ್ಲಿ ಬಾಣಂತಿಯರನ್ನೂ ಕಾಯಿಲೆಯವರನ್ನೂ ನೋಡಿಕೊಳ್ಳುವ ಕೆಲಸ ಹಿಡಿದಿದ್ದಳು. ಮಾತು ಕಡಿಮೆ. ರಂಜನಾಳ ಕೈ ಹಿಡಿದು ಅಂಗಳದಲ್ಲಿ ನಡೆಸುವಾಗಲೂ ಅವಸರವಿಲ್ಲ.

ಶೃಂಗೇರಿಯಿಂದ ರಂಜನಾಳ ತಂದೆ ವಿದ್ಯಾಶಂಕರ ಭಟ್ಟರು ಬಂದರು. ವೇದ ಪಾಠ ಹೇಳಿಕೊಟ್ಟು ಬಾಳಿದವರು. ಮಗಳು ಚಿಕ್ಕವಳಿದ್ದಾಗ ಬೆಳಗಿನ ಜಾವ ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡು ಮಗ್ಗಿ ಹೇಳಿಸಿದವರೂ ಅವರೇ. ಮಗಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, "ಹನ್ನೆರಡರದ್ದು ಹೇಳು ಕೂಸೇ" ಎಂದರು. ರಂಜನಾ ಕಣ್ಣು ಮುಚ್ಚಿಕೊಂಡಳು. ಹನ್ನೆರಡೊಂದ್ಲ ಹನ್ನೆರಡು ಎಂದು ಶುರುವಾದದ್ದು ಎಲ್ಲೂ ತಡೆಯದೆ ಕೊನೆಯವರೆಗೆ ಹೋಯಿತು. ಹದಿನಾರರ ಮಗ್ಗಿಯೂ ಬಂತು. ಆಮೇಲೆ ಒಂದರ ವರ್ಗ ಒಂದು, ಎರಡರ ವರ್ಗ ನಾಲ್ಕು ಎಂದು ವರ್ಗಗಳ ಪಟ್ಟಿ. ಭಟ್ಟರ ಕಣ್ಣಲ್ಲಿ ನೀರು ಬಂತು. ಮಗಳ ವಿದ್ಯೆ ಎಲ್ಲೂ ಹೋಗಿಲ್ಲ, ಎಲ್ಲ ಹಾಗೇ ಇದೆ ಎಂದು ಅಳಿಯನಿಗೆ ಹೇಳಿದರು.

ರವಿಶಂಕರ ಮುಂದಿನ ಸಲ ಡಾಕ್ಟರಿಗೆ ಇದನ್ನು ತಿಳಿಸಿದ. ಮಗ್ಗಿ ಬಾಯಿಪಾಠದ ಜಾಗದಲ್ಲಿ ಇರುತ್ತದೆ, ಹಾಡು ಇದ್ದ ಹಾಗೆ. ಎಷ್ಟು ಎನ್ನುವ ತಿಳಿವು ಇನ್ನೊಂದು ಕಡೆ ಇರುತ್ತದೆ ಎಂದರು ಡಾಕ್ಟರು. ರವಿಶಂಕರ ಈ ಮಾತಿನ ಮೊದಲ ಅರ್ಧವನ್ನು ಮಾತ್ರ ಮನೆಗೆ ತಂದ. ಅವಳು ಶಾಲೆಗೆ ಮರಳಿದರೆ, ಬೋರ್ಡಿನ ಮುಂದೆ ನಿಂತರೆ, ಉಳಿದದ್ದೂ ತಾನಾಗಿ ಬರುತ್ತದೆಂದು ಅವನು ತನಗೆ ತಾನೇ ಹೇಳಿಕೊಂಡ. ತುಕ್ಕು ಹಿಡಿದ ಮೋಟಾರನ್ನು ಸುಮ್ಮನೆ ಇಟ್ಟರೆ ಹಾಳಾಗುತ್ತದೆ, ತಿರುಗಿಸುತ್ತ ಇರಬೇಕು ಎನ್ನುವುದು ಅವನಿಗೆ ಗೊತ್ತಿದ್ದ ಜ್ಞಾನ. ರಾತ್ರಿ ಊಟವಾದ ಮೇಲೆ ಅವಳನ್ನು ಕೂರಿಸಿಕೊಂಡು ಯಾರು ಏನು ಕೇಳಿದರೆ ಏನು ಹೇಳಬೇಕೆಂದು ಅಭ್ಯಾಸ ಮಾಡಿಸಿದ. ಇವತ್ತು ಯಾವ ದಿನ, ನಿಮ್ಮ ವಯಸ್ಸೆಷ್ಟು, ಸರ್ವೀಸ್ ಎಷ್ಟು ವರ್ಷ. ಅವಳು ಪಾಠದ ಹಾಗೆ ಕಲಿತಳು. ಅವನ ಮುಖದಲ್ಲಿ ಆಸೆ ಕಾಣುತ್ತಿತ್ತು. ಅದನ್ನು ಮುರಿಯುವ ಧೈರ್ಯ ಅವಳಿಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಫಿಟ್‌ನೆಸ್ ಸರ್ಟಿಫಿಕೇಟಿಗಾಗಿ ಹೋದಾಗ ಪರೀಕ್ಷೆ ಮಾಡಿದವರು ನಡೆಯಿರಿ ಎಂದರು, ಕೈ ಎತ್ತಿ ಎಂದರು, ಹೆಸರು ವಿಳಾಸ ಕೇಳಿದರು. ಗಣಿತದ ಟೀಚರ್ ಅಲ್ವಾ, ಹತ್ತೊಂಬತ್ತರ ಮಗ್ಗಿ ಹೇಳಿ ನೋಡೋಣ ಎಂದು ನಕ್ಕರು. ಅವಳು ಹೇಳಿದಳು. ಅವರು ಸಹಿ ಹಾಕಿದರು.

ಶಾಲೆಯಲ್ಲಿ ಎಲ್ಲರೂ ಅವಳನ್ನು ಪ್ರೀತಿಯಿಂದಲೇ ಕಂಡರು. ಹೆಡ್‌ಮಾಸ್ಟರ್ ಸುಂದರೇಶ್ ಅವಳ ತರಗತಿಗಳನ್ನು ಕಡಿಮೆ ಮಾಡಿ ಎಂಟನೇ ತರಗತಿಯೊಂದನ್ನೇ ಕೊಟ್ಟರು. ರಂಜನಾ ಗೈಡ್ ಪುಸ್ತಕ ತೆರೆದಿಟ್ಟುಕೊಂಡು ಅದರಲ್ಲಿದ್ದ ಲೆಕ್ಕಗಳನ್ನು ಚಿತ್ರ ನಕಲು ಮಾಡುವ ಹಾಗೆ ಬೋರ್ಡಿಗೆ ಇಳಿಸುತ್ತಿದ್ದಳು. ಮಕ್ಕಳಲ್ಲಿ ಒಬ್ಬರಿಂದ ಓದಿಸುತ್ತಿದ್ದಳು, ಉಳಿದವರು ಬರೆದುಕೊಳ್ಳುತ್ತಿದ್ದರು. ಕಿರುಪರೀಕ್ಷೆಯ ಅಂಕಗಳನ್ನು ರವಿಶಂಕರ ಮನೆಯಲ್ಲಿ ಕೂಡಿಸಿ ಕೊಡುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರಿಗೆ ನೋಟು ಕೊಟ್ಟು ಅವನು ಕೊಟ್ಟದ್ದನ್ನು ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು. ಗಂಟೆ ಹೊಡೆದಾಗ ತರಗತಿಯಿಂದ ಹೊರಗೆ ಬರುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ರಂಜನಾ ಟೀಚರ್ ಸ್ವಲ್ಪ ಇಳಿದುಹೋಗಿದ್ದಾರೆ ಎಂಬುದರ ಹೊರತು ಬೇರೆ ಏನೂ ಕಾಣುತ್ತಿರಲಿಲ್ಲ.

ಡಿಸೆಂಬರಿನಲ್ಲಿ ವರ್ಗಗಳು ಮತ್ತು ವರ್ಗಮೂಲಗಳ ಪಾಠ ಬಂತು. ಅವಳಿಗೆ ಅದು ಸುಲಭವೆನಿಸಿತು. ಪಟ್ಟಿ ಬಾಯಲ್ಲೇ ಇತ್ತು. ಒಂದು ದಿನ ಅಭ್ಯಾಸದ ಲೆಕ್ಕ ಮಾಡಿಸುವಾಗ ಎರಡನೇ ಬೆಂಚಿನ ಅನಿತಾ ಎಂಬ ಹುಡುಗಿ ಎದ್ದು ನಿಂತು, ನಲವತ್ತೆಂಟು ಪೂರ್ಣ ವರ್ಗ ಹೌದಾ ಅಲ್ಲವಾ ಎಂದು ಕೇಳಿದಳು. ರಂಜನಾಳಿಗೆ ಪುಸ್ತಕದಲ್ಲಿ ತಕ್ಷಣ ಉತ್ತರ ಸಿಗಲಿಲ್ಲ. ನಾಲಿಗೆಯ ಮೇಲೆ ಆರೆಂಟ್ಲ ನಲವತ್ತೆಂಟು ಎನ್ನುವುದು ಬಂತು. ಮಗ್ಗಿಯಲ್ಲಿ ಇದೆ. ಸರಿಯಾಗಿ ಕೂತಿದೆ, ಎಲ್ಲೂ ಮುರಿದಿಲ್ಲ. ಹಾಗಿದ್ದರೆ ಪೂರ್ಣವೇ.

"ಹೌದು, ಪೂರ್ಣ ವರ್ಗ. ಬರ್ಕೊಳ್ಳಿ" ಎಂದಳು.

ಅನಿತಾ ಪಕ್ಕದವಳ ಕಡೆ ನೋಡಿ ಕೂತಳು. ಆಮೇಲೆ ಪೆನ್ನುಗಳ ಸದ್ದು ಕೇಳಿಸಿತು.

ಬಲಗೈ ಬೆರಳುಗಳಿಗೆ ಇನ್ನೂ ಪೂರ್ತಿ ಹಿಡಿತ ಬಂದಿರಲಿಲ್ಲ. ಸಣ್ಣ ವಸ್ತುಗಳನ್ನು ಒಂದೊಂದಾಗಿ ಎತ್ತಿ ಇಡುವ ಅಭ್ಯಾಸ ಮಾಡಿಸಿ ಎಂದು ಫಿಸಿಯೋಥೆರಪಿಯವರು ಹೇಳಿದ್ದರಿಂದ ರವಿಶಂಕರ ಅಂಗಡಿಯಿಂದ ಒಂದು ಡಬ್ಬಿ ಸ್ಟೀಲಿನ ವಾಷರ್ ಬಿಲ್ಲೆಗಳನ್ನು ತಂದುಕೊಟ್ಟಿದ್ದ. ರಜೆಯ ದಿನ ಮಲ್ಲಿಕಾ ಚಾಪೆ ಹಾಸಿ ಅವನ್ನು ಸುರಿಯುವಳು, ರಂಜನಾ ಒಂದೊಂದನ್ನೇ ಎತ್ತಿ ಸಾಲಾಗಿ ಇಡುವಳು. ಅದರಲ್ಲಿ ಲೆಕ್ಕವೇನೂ ಇರಲಿಲ್ಲ, ಬೆರಳಿನ ಕೆಲಸ ಅಷ್ಟೆ.

ಸಂಕ್ರಾಂತಿಯ ರಜೆಯ ಬೆಳಿಗ್ಗೆ ರಂಜನಾ ಮೂರು ಸಣ್ಣ ಸಾಲುಗಳನ್ನು ಇಟ್ಟು ಕೈಗೆ ವಿಶ್ರಾಂತಿ ಕೊಟ್ಟಿದ್ದಳು. ಸಾಲುಗಳು ಸೊಟ್ಟಗಿದ್ದವು. ಮಲ್ಲಿಕಾ ಅವನ್ನು ಬೆರಳಿನಿಂದ ತಳ್ಳಿ ನೇರ ಮಾಡಿ, "ಚೌಕ ಆಯ್ತು ನೋಡಿ ಅಕ್ಕ" ಎಂದು ಒಳಗೆ ಹಾಲಿಗಿಟ್ಟ ಒಲೆ ಆರಿಸಲು ಹೋದಳು.

ರಂಜನಾ ಅದನ್ನೇ ನೋಡಿದಳು. ಚೌಕ ಎನ್ನುವ ಮಾತು ಅವಳಿಗೆ ಅರ್ಥವಾಗಿತ್ತು. ಆಕಾರಗಳು ಅವಳನ್ನು ಬಿಟ್ಟುಹೋಗಿರಲಿಲ್ಲ. ಎಡಗೈ ಬೆರಳನ್ನೂ ಬಲಗೈ ಬೆರಳನ್ನೂ ಮೇಲಿನ ಎಡಮೂಲೆಯ ವಾಷರಿನ ಮೇಲೆ ಇಟ್ಟಳು. ಒಂದನ್ನು ಅಡ್ಡ ಸಾಲಿನಲ್ಲಿ, ಇನ್ನೊಂದನ್ನು ಕೆಳಕ್ಕೆ ಇಳಿಯುವ ಸಾಲಿನಲ್ಲಿ, ಒಂದು ವಾಷರಿಗೆ ಒಂದು ಹೆಜ್ಜೆಯಂತೆ ಒಟ್ಟಿಗೆ ಸರಿಸಿದಳು. ಎರಡೂ ಬೆರಳು ಒಟ್ಟಿಗೇ ಕೊನೆ ಮುಟ್ಟಿದವು. ಎಷ್ಟು ಎಂದು ಅವಳಿಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಅಡ್ಡಕ್ಕೆ ಇರುವಷ್ಟೇ ಉದ್ದಕ್ಕೂ ಇದೆ.

ಮಲ್ಲಿಕಾ ಮರಳಿದಾಗ ರಂಜನಾ ಅದೇ ಚೌಕಕ್ಕೆ ಇನ್ನಷ್ಟು ವಾಷರ್ ಸೇರಿಸುತ್ತಿದ್ದಳು. ಬಲಬದಿಗೆ ಒಂದು ಸಾಲು, ಕೆಳಗೆ ಒಂದು ಸಾಲು. ಎರಡೂ ಸಾಲು ಮುಗಿದಾಗ ಮೂಲೆಯಲ್ಲಿ ಒಂದು ಜಾಗ ಖಾಲಿ ಉಳಿಯಿತು. ಅಲ್ಲಿ ಒಂದನ್ನು ಇಟ್ಟಳು. ಮತ್ತೆ ಬೆರಳು ಓಡಿಸಿದಳು. ಮತ್ತೆ ಬದಿಗೆ, ಕೆಳಗೆ, ಮತ್ತೆ ಮೂಲೆ. ಪ್ರತಿ ಸಲವೂ ಮೂಲೆಗೆ ಒಂದೇ ಒಂದು ಬೇಕಾಗುತ್ತಿತ್ತು.

"ಇದು ಎಷ್ಟಾಯ್ತು ಮಲ್ಲಿಕಾ?"

ಮಲ್ಲಿಕಾ ಎಣಿಸಿ, ಇಪ್ಪತ್ತೈದು ಎಂದಳು.

ಐದರ ವರ್ಗ ಇಪ್ಪತ್ತೈದು. ನಾಲಿಗೆ ಅದನ್ನು ತಾನಾಗಿ ಹೇಳಿತು. ರಂಜನಾ ಅಡ್ಡಸಾಲನ್ನು ನೋಡಿದಳು, ಕೆಳಕ್ಕಿಳಿದ ಸಾಲನ್ನು ನೋಡಿದಳು. ಬದುಕೆಲ್ಲ ಹೇಳಿದ್ದ ಮಾತು ಇವತ್ತು ಚಾಪೆಯ ಮೇಲೆ ಕೂತಿತ್ತು. ಎರಡು ಸಂಖ್ಯೆ ಗುಣಿಸಿದರೆ ಸಾಲುಗಳಾಗುತ್ತವೆ; ಆ ಎರಡೂ ಒಂದೇ ಆಗಿದ್ದಾಗ ಮಾತ್ರ ಚೌಕ, ಅದೇ ಪೂರ್ಣ ವರ್ಗ. ಕಾಯಿಲೆಗೆ ಮುಂಚೆ ಇದು ಗೊತ್ತಿತ್ತು ಎನ್ನುವುದೂ ಅವಳಿಗೆ ನೆನಪಾಯಿತು. ಆದರೆ ಗೊತ್ತಿದ್ದದ್ದು ಎಷ್ಟು ಸಲೀಸಾಗಿ ಗೊತ್ತಿತ್ತೆಂದರೆ, ಅದನ್ನು ಯಾವ ಮಗುವಿಗೂ ಹೀಗೆ ಇಟ್ಟು ತೋರಿಸಬೇಕೆಂದು ಅನಿಸಿರಲಿಲ್ಲ. ಪಟ್ಟಿ ಕಲಿತು ಬನ್ನಿ ಎಂದು ಹೇಳಿ ಕಳಿಸುತ್ತಿದ್ದಳು. ಈಗ ಸಂತೋಷವಾಗಬೇಕಿತ್ತು, ಆಯಿತು ಕೂಡ. ಅದರ ಬೆನ್ನಿಗೇ ಅನಿತಾಳ ಪ್ರಶ್ನೆ ನೆನಪಾಯಿತು.

ನಲವತ್ತೆಂಟು ವಾಷರ್ ಎಣಿಸಿ ಕೊಡಲು ಮಲ್ಲಿಕಾಳಿಗೆ ಹೇಳಿದಳು. ಮಲ್ಲಿಕಾ ಎಣಿಸಿ ಗುಡ್ಡೆ ಮಾಡಿದಳು. ಬೆರಳು ನೋಯುತ್ತಿದ್ದರೂ ರಂಜನಾ ಬಿಡಲಿಲ್ಲ. ಸಣ್ಣ ಚೌಕದಿಂದ ಶುರುಮಾಡಿ ಬದಿಗೆ ಕೆಳಗೆ ಬೆಳೆಸುತ್ತ ಹೋದಳು. ಕೊನೆಯ ಸಾಲು ತುಂಬಿತು. ಗುಡ್ಡೆ ಮುಗಿಯಿತು. ಮೂಲೆ ಖಾಲಿಯಾಗಿ ಉಳಿಯಿತು.

"ಒಂದು ಕಮ್ಮಿ ಬಂತು ಅಕ್ಕ. ಡಬ್ಬಿಯಿಂದ ಇನ್ನೊಂದು ಕೊಡ್ಲಾ?" ಎಂದಳು ಮಲ್ಲಿಕಾ.

"ಬೇಡ. ಕೊಟ್ರೆ ಅದು ಬೇರೆ ಸಂಖ್ಯೆ ಆಗುತ್ತೆ."

ಅವಳು ಬಹಳ ಹೊತ್ತು ಚಾಪೆಯ ಮುಂದಿನಿಂದ ಏಳಲಿಲ್ಲ. ಮಲ್ಲಿಕಾ ಹಾಲು ತಂದಿಟ್ಟಳು, ಅದು ಕೆನೆಗಟ್ಟಿತು. ರಂಜನಾಳಿಗೆ ಈಗ ಒಂದು ಕಿಂಡಿ ತೆರೆದಂತಾಗಿತ್ತು. ಅದರ ಮೂಲಕ ಇಷ್ಟು ದಿನ ತಾನು ಎಂಥ ಕತ್ತಲೆಯಲ್ಲಿ ನಿಂತು ಪಾಠ ಮಾಡಿದ್ದೆನೆಂದು ಕಾಣುತ್ತಿತ್ತು. ಒಂದು ತಪ್ಪು ತಿಳಿಯಿತು. ತಿಳಿಯದೇ ಹೋದವು ಎಷ್ಟಿರಬಹುದು ಎಂದು ಯೋಚಿಸಿದರೆ, ಎಷ್ಟು ಎನ್ನುವುದೇ ಅವಳ ಕೈಗೆ ಸಿಗುತ್ತಿರಲಿಲ್ಲ.

ಸಂಜೆ ರವಿಶಂಕರ ಎಳ್ಳುಬೆಲ್ಲ ಹಿಡಿದು ಬಂದ. ನಲವತ್ತೆಂಟು ಪೂರ್ಣ ವರ್ಗವಾ ಎಂದು ಅವಳು ಕೇಳಿದಳು. ಅವನು ಅಲ್ಲ ಎಂದ, ಏಳೇಳ್ಲ ನಲವತ್ತೊಂಬತ್ತಲ್ಲವಾ ಎಂದು ನಗಲು ಹೋಗಿ ನಿಲ್ಲಿಸಿದ. ತಾನು ಮಕ್ಕಳಿಗೆ ಹೌದೆಂದು ಬರೆಸಿದ್ದನ್ನು ಅವಳು ಹೇಳಿದಳು. ಒಂದು ತಪ್ಪು ಯಾರಿಂದ ಆಗುವುದಿಲ್ಲ, ನಾಳೆ ತಿದ್ದಿ ಬರೆಸಿದರಾಯಿತು ಎಂದ ಅವನು. ಸುಂದರೇಶ್ ಅವರಿಗೆ ಹೇಳಬೇಕಾಗಿಲ್ಲ ಎಂದೂ ಸೇರಿಸಿದ. ಆಮೇಲೆ ಚಾಪೆಯ ಮೇಲಿದ್ದ ವಾಷರುಗಳನ್ನು ನೋಡಿ, ಇದೆಲ್ಲ ಮರಳಿ ಬರುತ್ತಿರುವ ಲಕ್ಷಣ, ನಾನು ಹೇಳಲಿಲ್ಲವಾ ಎಂದ. ಅವನ ಧ್ವನಿಯಲ್ಲಿ ಎಷ್ಟು ಉತ್ಸಾಹವಿತ್ತೆಂದರೆ ಅವಳು ಮಾತು ಅಷ್ಟಕ್ಕೇ ಬಿಟ್ಟು ಎಳ್ಳುಬೆಲ್ಲದ ಪೊಟ್ಟಣ ಬಿಚ್ಚಿದಳು.

ಮರುದಿನ ಎಂಟನೇ ತರಗತಿಗೆ ಹೋದವಳು ಗೈಡ್ ತೆರೆಯಲಿಲ್ಲ. ನಲವತ್ತೆಂಟು ಪೂರ್ಣ ವರ್ಗವಾ ಎಂದು ಕೇಳಿದಳು.

ಇಡೀ ತರಗತಿ ಒಂದೇ ದನಿಯಲ್ಲಿ ಹೌದು ಟೀಚರ್ ಎಂದಿತು.

ಯಾಕೆ ಎಂದು ಕೇಳಿದಳು. ಹಿಂದಿನಿಂದ ಒಬ್ಬ, ನೀವೇ ಹೇಳಿದ್ದಿರಲ್ಲ ಟೀಚರ್ ಎಂದ. ಅವಳು ಅನಿತಾಳನ್ನು ಎಬ್ಬಿಸಿದಳು. ಅನಿತಾ ತಲೆ ತಗ್ಗಿಸಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ನಿಂಗೆ ಎಂತ ಅನ್ಸಿತ್ತು, ಅದು ಹೇಳು. ನಾನು ಹೇಳಿದ್ದಲ್ಲ."

"ಅಲ್ಲ ಅಂತ ಗೊತ್ತಿತ್ತು ಟೀಚರ್."

"ಮತ್ತೆ ಬರ್ಕೊಂಡಿದ್ದು ಯಾಕೆ?"

ಅನಿತಾ ಅಳುವ ಹಾಗಾದಳು. "ನಿಮಗೆ ಹುಷಾರಿಲ್ಲ, ಎಂತ ಹೇಳಿದ್ರೂ ತಿರುಗಿ ಮಾತಾಡ್ಬಾರ್ದು ಅಂತ ಹೆಡ್‌ಮಾಸ್ಟ್ರು ಹೇಳಿದ್ರು. ಎಲ್ರಿಗೂ ಗೊತ್ತಿತ್ತು ಟೀಚರ್."

ರಂಜನಾ ಮೇಜಿನ ಅಂಚು ಹಿಡಿದುಕೊಂಡಳು. ಅಷ್ಟೂ ಮುಖಗಳು ಅವಳನ್ನು ನೋಡುತ್ತಿದ್ದವು. ಅವುಗಳಲ್ಲಿ ಚೇಷ್ಟೆಯಿರಲಿಲ್ಲ. ಅದಕ್ಕಿಂತ ಕಷ್ಟವಾದ ಕರುಣೆ ಇತ್ತು. ಕಾಯಿಲೆಯ ಅಜ್ಜಿ ಸತ್ತುಹೋದ ಅಜ್ಜನನ್ನು ಕರೆದಾಗ ಈಗ ಬರುತ್ತಾರೆ ಎಂದು ಸಮಾಧಾನ ಹೇಳುವ ಮನೆಮಂದಿಯ ಮುಖಗಳು. ತಿಂಗಳುಗಳಿಂದ ಅವಳು ಪಾಠ ಮಾಡುತ್ತಿದ್ದೇನೆಂದು ತಿಳಿದುಕೊಂಡಿದ್ದಳು. ಈ ಮಕ್ಕಳು ಅವಳನ್ನು ನೋಡಿಕೊಳ್ಳುತ್ತಿದ್ದರು.

ಅವಳು ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದಳು. ಚಳಿಗಾಲದ ಬಿಸಿಲು ಬಿದ್ದಿತ್ತು. ಅಡ್ಡಕ್ಕೆ ಎಷ್ಟು ಜನವೋ ಉದ್ದಕ್ಕೂ ಅಷ್ಟೇ ಜನ ಬರುವ ಹಾಗೆ ನಿಲ್ಲಿ, ನಾನು ಎಣಿಸುವುದಿಲ್ಲ, ನೀವೇ ಮಾಡಿ ಎಂದಳು. ಮಕ್ಕಳಿಗೆ ಮೊದಲು ಗಲಿಬಿಲಿಯಾಯಿತು. ಒಬ್ಬರನ್ನೊಬ್ಬರು ಎಳೆದಾಡಿದರು, ಸಾಲು ಮುರಿದರು, ಕಟ್ಟಿದರು. ಉದ್ದದ ಸಾಲುಗಳಾದಾಗ ಅವಳು ಇದು ಆಯತ, ಇದು ಬೇಡ ಎಂದಳು. ಎರಡು ಬೆರಳು ಎರಡು ಕಡೆಗೆ ಓಡಿಸಿ ನೋಡುವುದು ಹೇಗೆಂದು ತೋರಿಸಿದಳು. ಅವಳು ಹಿಂದೆ ಎಂದೂ ಹೀಗೆ ಪಾಠ ಮಾಡಿದ್ದಿಲ್ಲ. ಸ್ವಲ್ಪ ಹೊತ್ತಿಗೆ ಮಕ್ಕಳು ಗಲಾಟೆ ಮಾಡುತ್ತ ನಗತೊಡಗಿದರು. ಕೊನೆಗೆ ಸಾಲುಗಳು ಸೇರಿದವು. ಎಲ್ಲರೂ ನಿಂತ ಮೇಲೆ ಹಿಂದಿನ ಮೂಲೆಯಲ್ಲಿ ಒಬ್ಬರ ಜಾಗ ಖಾಲಿ ಉಳಿಯಿತು.

"ಟೀಚರ್, ನೀವು ನಿಂತ್ರೆ ಆಗ್ತದೆ" ಎಂದ ಒಬ್ಬ.

ಅವಳು ಹೋಗಿ ನಿಂತಳು. ಮುಂದೆ ಒಬ್ಬ ಹುಡುಗಿಯ ಜಡೆ, ಪಕ್ಕದಲ್ಲಿ ಒಬ್ಬನ ಹೆಗಲು. ಹೊರಗಿದ್ದಾಗ ಕಣ್ಣಿಗೆ ಕಟ್ಟಿದಂತಿದ್ದ ಚೌಕ ಒಳಗೆ ನಿಂತ ಕೂಡಲೇ ಕಾಣದಾಯಿತು. ಎಲ್ಲಿ ಅಡ್ಡ, ಎಲ್ಲಿ ಉದ್ದ, ತಿಳಿಯಲಿಲ್ಲ. ಈಗ ನಾವೆಲ್ಲ ಸೇರಿ ಎಷ್ಟಾದೆವು ಟೀಚರ್ ಎಂದು ಮುಂದಿನಿಂದ ಯಾರೋ ಖುಷಿಯಲ್ಲಿ ಕೂಗಿ ಕೇಳಿದರು. ರಂಜನಾ ಸುತ್ತ ನೋಡಿದಳು. ಏನೂ ಬರಲಿಲ್ಲ. ನಗು ನಿಂತಿತು. ಬಿಸಿಲಿನಲ್ಲಿ ಎಲ್ಲರೂ ಕಾಯುತ್ತ ನಿಂತರು.

ಪಕ್ಕದ ಸಾಲಿನಿಂದ ಅನಿತಾ ಮೆಲ್ಲಗೆ, "ಮೂವತ್ತಾರು ಟೀಚರ್" ಎಂದಳು.

"ಮೂವತ್ತಾರು" ಎಂದಳು ರಂಜನಾ.

ಜಗುಲಿಯ ಮೇಲೆ ನಿಂತು ಸುಂದರೇಶ್ ಇದನ್ನು ನೋಡುತ್ತಿದ್ದರು. ಗಂಟೆ ಹೊಡೆದ ಮೇಲೆ ರಂಜನಾ ನೇರವಾಗಿ ಅವರ ಕೋಣೆಗೆ ಹೋಗಿ ನಾಳೆಯಿಂದ ತರಗತಿಗೆ ಹೋಗುವುದಿಲ್ಲ ಎಂದಳು. ಅವರು ಕೂರಿಸಿ ನೀರು ಕೊಟ್ಟರು. ಅವಸರ ಬೇಡ, ಬರೀ ಹಾಜರಾತಿ ಹಾಕಿ ಕೂತುಕೊಳ್ಳಿ, ವಿಜ್ಞಾನದ ಮೇಷ್ಟರು ಗಣಿತವನ್ನೂ ಮಾಡುತ್ತಾರೆ, ಇಷ್ಟು ವರ್ಷ ದುಡಿದವರನ್ನು ಶಾಲೆ ಕೈ ಬಿಡುವುದಿಲ್ಲ ಎಂದು ಹೇಳಿದರು. ಅವರು ಒಳ್ಳೆಯ ಮನುಷ್ಯ. ಪ್ರತಿ ಮಾತನ್ನೂ ಮನಸ್ಸಿನಿಂದಲೇ ಆಡಿದರು. ಮಕ್ಕಳಿಗೆ ಹಾಗೆ ಹೇಳಿದ್ದೂ ಅವಳಿಗೆ ನೋವಾಗದಿರಲಿ ಎಂದೇ.

"ತಪ್ಪು ಅಂತ ಗೊತ್ತಿದ್ದೂ ಅಷ್ಟೂ ಜನ ಬರ್ಕೊಂಡಿದಾರೆ ಸಾರ್. ನಾನು ಇನ್ನೂ ಇಲ್ಲಿದ್ರೆ ಅವ್ರು ಕಲಿಯೋದು ಅದನ್ನೇ" ಎಂದಳು ರಂಜನಾ.

ಸುಂದರೇಶ್ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

ಮನೆಯಲ್ಲಿ ರವಿಶಂಕರ ಕೇಳಿ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟು ಮಾಡಿದ. ಮದುವೆಯಾದ ಮೇಲೆ ಅವಳ ಮೇಲೆ ಅವನು ದನಿ ಎತ್ತಿದ್ದೇ ಕಡಿಮೆ, ಅಂದು ಎತ್ತಿದ. ಈಗ ತಾನೇ ಮರಳುತ್ತಿದೆ, ಚೌಕ ತಿಳಿಯಿತು, ನಾಳೆ ಘನ ತಿಳಿಯುತ್ತದೆ, ಇನ್ನೊಂದು ವರ್ಷ ತಡೆದುಕೊಳ್ಳಲು ಏನಾಗಿತ್ತು ಎಂದ. ಅವಳು ವಾಷರುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಕೂತಿದ್ದಳು. ಅದು ಅವನನ್ನು ಇನ್ನಷ್ಟು ಕೆಣಕಿತು.

"ಶಾಲೆ ಬಿಟ್ರೆ ನಿನ್ನ ಹತ್ರ ಎಂತ ಉಳಿಯುತ್ತೆ ಮಾರಾಯ್ತಿ?" ಎಂದ.

ಹೇಳಿದ ಕೂಡಲೇ ಅವನ ಮುಖ ಕಪ್ಪಿಟ್ಟಿತು. ಅಡುಗೆಮನೆಯಲ್ಲಿದ್ದ ಮಲ್ಲಿಕಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಇಬ್ಬರಿಗೂ ತಿಳಿಯಿತು. ಅವನು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟುಹೋದ. ಅವತ್ತು ಊಟಕ್ಕೆ ಬರಲಿಲ್ಲ.

ಶೃಂಗೇರಿಗೆ ಸುದ್ದಿ ಮುಟ್ಟಿಸಲು ರಂಜನಾ ತಾನೇ ಹೋದಳು, ಮಲ್ಲಿಕಾಳನ್ನು ಜೊತೆಗೆ ಕರೆದುಕೊಂಡು. ಭಟ್ಟರಿಗೆ ಅರ್ಥ ಮಾಡಿಸುವುದು ಕಷ್ಟವಾಯಿತು. ಮಗ್ಗಿ ಮರೆತಿದೆಯಾ ಎಂದರು. ಇಲ್ಲ ಎಂದಳು. ಮತ್ತೆ ಕಲಿಸಲು ಏನು ಅಡ್ಡಿ ಎಂದರು. ತನ್ನ ಬಾಯಿಗೆ ಬರುತ್ತದೆ, ತನಗೆ ತಿಳಿಯುವುದಿಲ್ಲ ಎಂದು ಅವಳು ಎರಡು ಮೂರು ರೀತಿಯಲ್ಲಿ ಹೇಳಿದಳು. ಅವರಿಗೆ ಕೊನೆಗೂ ಅರ್ಥವಾಯಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಹೊರಡುವಾಗ ಅವಳ ತಲೆಯ ಮೇಲೆ ಕೈಯಿಟ್ಟರು.

ಕಾಗದಪತ್ರಗಳ ಕೆಲಸವನ್ನು ರವಿಶಂಕರನೇ ಮಾಡಿದ. ಮತ್ತೆ ವೈದ್ಯಕೀಯ ಪರೀಕ್ಷೆ, ಈ ಸಲ ಸತ್ಯ ಹೇಳಿ. ಮಂಡಳಿಯ ಮುಂದೆ ಅವಳು ಗಡಿಯಾರ ಓದಲಾರೆ, ಏಳು ನಾಲ್ಕರಲ್ಲಿ ದೊಡ್ಡದು ಯಾವುದೆಂದು ಹೇಳಲಾರೆ ಎಂದು ಒಪ್ಪಿಕೊಳ್ಳುವಾಗ ಅವನು ಪಕ್ಕದಲ್ಲೇ ಕೂತಿದ್ದ. ಏಪ್ರಿಲಿನಲ್ಲಿ ನಿವೃತ್ತಿಯ ಆದೇಶ ಬಂತು. ಅಷ್ಟರಲ್ಲಿ ಮಲ್ಲಿಕಾ, ಕಿಗ್ಗದ ಕಡೆ ಮದುವೆ ನಿಶ್ಚಯವಾಗಿ, ಕೆಲಸ ಬಿಟ್ಟಿದ್ದಳು. ರಂಜನಾ ಅವಳಿಗೆ ತನ್ನದೊಂದು ರೇಷ್ಮೆ ಸೀರೆ ಕೊಟ್ಟಳು. ಮಲ್ಲಿಕಾ ಅದನ್ನು ಎದೆಗೊತ್ತಿ ಹಿಡಿದುಕೊಂಡು, ಬರ್ತಾ ಇರ್ತೀನಿ ಅಕ್ಕ ಎಂದಿದ್ದಳು. ಬರುವುದು ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸಂಕ್ರಾಂತಿಯ ಬೆಳಿಗ್ಗೆ ತೆರೆದ ಕಿಂಡಿ ಅಷ್ಟಕ್ಕೇ ನಿಂತಿತು. ಏನನ್ನಾದರೂ ಸಾಲಾಗಿ ಇಟ್ಟರೆ ಚೌಕ ಹೌದೋ ಅಲ್ಲವೋ ಎಂದು ರಂಜನಾ ಹೇಳಬಲ್ಲಳು. ಆದರೆ ಗಂಟೆ ತಿಳಿಯಲಿಲ್ಲ, ನೋಟು ತಿಳಿಯಲಿಲ್ಲ. ಘನವೂ ತಿಳಿಯಲಿಲ್ಲ.

ಶಾಲೆಯಲ್ಲಿ ಉಳಿದಿದ್ದ ತನ್ನ ವಸ್ತುಗಳನ್ನು ತರಲು ಬೇಸಿಗೆ ರಜೆಯಲ್ಲಿ ಒಂದು ಸಂಜೆ ಇಬ್ಬರೂ ರವಿಶಂಕರನ ಹಳೆಯ ಕಾರಿನಲ್ಲಿ ನರಸಿಂಹರಾಜಪುರಕ್ಕೆ ಹೋದರು. ಒಂದು ಕೊಡೆ, ಟಿಫಿನ್ ಬಾಕ್ಸು, ಕೆಲವು ಪುಸ್ತಕ, ಮರದ ದೊಡ್ಡ ಕೈವಾರ. ಜವಾನ ವಾಸಪ್ಪ ಬೀಗ ತೆಗೆದು ಕೊಟ್ಟು ಎಲ್ಲವನ್ನೂ ಕಾರಿಗೆ ತಂದಿಟ್ಟ. ತರಗತಿಯೊಳಗೆ ಹೋಗಿ ಬರುತ್ತೀರಾ ಎಂದು ಕೇಳಿದ. ರಂಜನಾ ಬೇಡ ಎಂದಳು.

ವಾಪಸು ಬರುವಾಗ ರವಿಶಂಕರ ಭದ್ರಾ ಹಿನ್ನೀರಿನ ಬಳಿ ಕಾರು ನಿಲ್ಲಿಸಿದ. ನೀರು ಬಹಳ ಹಿಂದೆ ಸರಿದಿತ್ತು. ಮುಳುಗಿದ್ದ ಕಾಡಿನ ಬೊಡ್ಡೆಗಳು ಕೆಸರಿನಲ್ಲಿ ಕಪ್ಪಗೆ ಎದ್ದು ನಿಂತಿದ್ದವು. ಅವುಗಳ ನಡುವೆ ಹಳೆಯ ಗಾಡಿರಸ್ತೆಯೊಂದು ಸ್ವಲ್ಪ ದೂರ ಕಂಡು ನೀರಿನೊಳಗೆ ಹೋಗಿಬಿಟ್ಟಿತ್ತು. ಇಬ್ಬರೂ ಇಳಿದು ಒಂದು ಕಲ್ಲಿನ ಮೇಲೆ ಕೂತರು.

ಶಿವಮೊಗ್ಗದಲ್ಲಿ ಡಾಕ್ಟರು ಹೇಳಿದ್ದು ತನಗೆ ಆವತ್ತೇ ಅರ್ಥವಾಗಿತ್ತು ಎಂದ ರವಿಶಂಕರ. ಅವಳು ಸಂಜೆ ಬಂದು ಶಾಲೆಯ ಕತೆ ಹೇಳದ ಮನೆಯನ್ನು ಅವನಿಗೆ ಯೋಚಿಸಲೂ ಆಗಿರಲಿಲ್ಲ. ಆದ್ದರಿಂದ ಕೂರಿಸಿ ಉತ್ತರಗಳನ್ನು ಕಲಿಸಿದ್ದ.

"ನಂಗೆ ಹೆದರಿಕೆ ಆಗಿತ್ತು" ಎಂದ.

"ನಂಗೂ ಆಗಿತ್ತು. ನೀವು ಹೇಳ್ಕೊಡ್ತಾ ಇದ್ರಲ್ಲ, ಅದಕ್ಕೆ ಸುಮ್ನಿದ್ದೆ" ಎಂದಳು ಅವಳು.

ಕೊಕ್ಕರೆಯೊಂದು ಬೊಡ್ಡೆಯ ಮೇಲಿಂದ ಹಾರಿ ಇನ್ನೊಂದರ ಮೇಲೆ ಕೂತಿತು. ನೀರಿನ ಮೇಲಿನ ಬೆಳಕು ಕಡಿಮೆಯಾಗುತ್ತ ಬಂತು. ಇನ್ನು ಹೊರಡೋಣವಾ, ಕತ್ತಲಾದರೆ ದಾರಿಯಲ್ಲಿ ಕಾಡುಕೋಣದ ಕಾಟ ಎಂದು ಅವನು ಎದ್ದು ಕೈ ಚಾಚಿದ. ಅವಳು ಬಲಗೈಯನ್ನೇ ಕೊಟ್ಟಳು. ಅವನು ಅದನ್ನು ಹುಷಾರಾಗಿ ಹಿಡಿದು ಎಬ್ಬಿಸಿದ.